ಹಾಲಿನ ಲೆಕ್ಕದ ಪಕ್ಕದಲ್ಲಿ ಹೊಟ್ಟೆಯ ಲೆಕ್ಕ

ವಿಜಯಪುರದ ನಮ್ಮ ಮನೆಯಲ್ಲಿ ಅಡುಗೆಮನೆಯ ಬಾಗಿಲ ಹಿಂದೆ ಒಂದು ಕ್ಯಾಲೆಂಡರ್ ತೂಗುತ್ತದೆ. ಅದರ ತಾರೀಖಿನ ಮನೆಗಳಲ್ಲಿ ಹಾಲಿನ ಲೆಕ್ಕ ಬರೆದಿಡುವುದು ನಾನು ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಇರುವ ರೂಢಿ. ಈಚಿನ 6 ವರ್ಷಗಳಿಂದ ಅದೇ ಮನೆಗಳ ಕೆಳಮೂಲೆಯಲ್ಲಿ ನನ್ನ ಹೊಟ್ಟೆಯ ಲೆಕ್ಕವನ್ನೂ ಬರೆಯುತ್ತೇನೆ. ಯಾರಿಗೆ ಯಾವುದು ಹಿತ ಎಂಬುದನ್ನು ಮೊಬೈಲಿಗೆ ಬಂದ ವಿಡಿಯೊ ನೋಡಿಯೋ ಓಣಿಯ ಕಟ್ಟೆಯ ಮೇಲೆ ಕೇಳಿಯೋ ತೀರ್ಮಾನಿಸುವ ಮೊದಲು ತಮ್ಮ ಮೈಯನ್ನೇ ನಾಲ್ಕು ದಿನ ಗಮನವಿಟ್ಟು ಕೇಳಬೇಕೆಂದು ನನಗೆ ಕಲಿಸಿದ್ದು ಒಂದು ಲಿಂಬೆಹಣ್ಣು.

ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬಿಸಿನೀರಿಗೆ ಲಿಂಬೆರಸ ಹಿಂಡಿಕೊಂಡು ಕುಡಿದರೆ ಮೈ ಹಗುರಾಗುತ್ತದೆ ಎಂದು ಪಕ್ಕದ ಮನೆಯ ವೈನಿ ಹೇಳಿದರು. ಅವರಿಗೆ ಅದು ಒಗ್ಗಿತ್ತು. ನಮ್ಮ ಜಿಲ್ಲೆಯ ಇಂಡಿ ಊರಿನ ಲಿಂಬೆಹಣ್ಣಿಗೆ ನಮ್ಮಲ್ಲಿ ಬರವಿಲ್ಲ, ನಾನೂ ಶುರುಮಾಡಿದೆ. ವಾರ ತುಂಬುವುದರೊಳಗೆ ಎದೆಯುರಿ ಬಂತು. ನಾನು ದೂರಿದ್ದು ಪಾಪದ ಕೆಂಪು ಖಾರವನ್ನು: ರಂಜಕ ಬಿಟ್ಟೆ, ಶೇಂಗಾ ಹಿಂಡಿ ಬಿಟ್ಟೆ, ಎಣ್ಣೆಗಾಯಿಗೆ ಎಣ್ಣೆ ಕಡಿಮೆ ಮಾಡಿದೆ, ಊಟ ರುಚಿಗೆಟ್ಟಿತು, ಉರಿ ಮಾತ್ರ ಇದ್ದಲ್ಲೇ ಇತ್ತು. ಕೊನೆಗೆ ಬೇಸತ್ತು ಉರಿ ಏಳುವ ಹೊತ್ತನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕತೊಡಗಿದೆ. ಅದು ದಿನಾಲೂ ಬೆಳಿಗ್ಗೆ 7 ಗಂಟೆಯ ಸುಮಾರಿಗೆ, ಅಂದರೆ ಒಲೆಯ ಮೇಲೆ ಹಂಚು ಇಡುವುದಕ್ಕಿಂತ ಮೊದಲೇ, ಖಾರದ ಒಂದು ಕಣವೂ ಬಾಯಿಗೆ ಹೋಗದ ಹೊತ್ತಿನಲ್ಲಿ ಏಳುತ್ತಿತ್ತು! ಲಿಂಬೆನೀರು ನಿಲ್ಲಿಸಿದ ಐದನೆಯ ದಿನ ಉರಿ ಹೋಯಿತು, ರಂಜಕ ಮರಳಿ ತಾಟಿಗೆ ಬಂತು. ವೈನಿ ಇಂದಿಗೂ ಲಿಂಬೆನೀರು ಕುಡಿಯುತ್ತಾರೆ ಮತ್ತು ಸುಖವಾಗಿದ್ದಾರೆ.

ಹೀಗೆ ಲೆಕ್ಕ ಇಡಬೇಕೆಂದುಕೊಂಡವರು ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಚಹಾ ಬಿಟ್ಟು, ಸಕ್ಕರೆ ಬಿಟ್ಟು, ವಾಕಿಂಗ್ ಶುರುಮಾಡಿ, ರಾತ್ರಿ ಊಟವನ್ನೂ ಕಡಿಮೆ ಮಾಡಿದರೆ ಯಾವುದರಿಂದ ಏನಾಯಿತೆಂದು ಬ್ರಹ್ಮನಿಗೂ ತಿಳಿಯುವುದಿಲ್ಲ. ತಿನ್ನುವ ಮೊದಲು ನಿಜವಾಗಿ ಹಸಿವಿತ್ತೇ, ತಿಂದೆದ್ದಾಗ ಹೊಟ್ಟೆ ಹೇಗಿತ್ತು, ಎರಡು ತಾಸಿನ ಮೇಲೆ ನಿದ್ದೆ ತೂಗಿತೇ ಅಥವಾ ಕೆಲಸಕ್ಕೆ ಕೈ ಓಡಿತೇ, ಮರುದಿನ ಬೆಳಿಗ್ಗೆ ಹೊಟ್ಟೆ ಸರಿಯಾಗಿ ಕಳೆಯಿತೇ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಂಡು, ಹಗುರವಿದ್ದರೆ ಚುಕ್ಕೆ, ಭಾರವಿದ್ದರೆ ಅಡ್ಡಗೀಟು ಹಾಕಿದರೆ ಸಾಕು. ಒಂದು ದಿನದ ಗೀಟನ್ನು ನಂಬಬಾರದು, ಏಕೆಂದರೆ ಏಪ್ರಿಲ್ ತಿಂಗಳಲ್ಲಿ ನಮ್ಮೂರ ಬಿಸಿಲು 40 ಡಿಗ್ರಿ ದಾಟಿದಾಗ ಅಮೃತ ಉಂಡರೂ ಭಾರವೇ ಅನ್ನಿಸುತ್ತದೆ. ಮದುವೆಮನೆಯಲ್ಲಿ ನಿದ್ದೆಗೆಟ್ಟು ಬಂದ ಮರುದಿನವೂ ಹಾಗೆಯೇ.

ಹೀಗೆ ಮೈಯನ್ನು ಗಮನವಿಟ್ಟು ಕೇಳುವುದಕ್ಕೆ ಮೈಂಡ್‌ಫುಲ್‌ನೆಸ್ ಎನ್ನುತ್ತಾರೆಂದು ಹೇಳಿದವನು ಕಾಲೇಜು ಓದುವ ನನ್ನ ಮೊಮ್ಮಗ. ಜಾನ್ ಕಬಟ್-ಝಿನ್ ಎಂಬುವರು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಇದನ್ನು ತರಬೇತಿಯಾಗಿ ಆರಂಭಿಸಿದರಂತೆ, ಅದರಲ್ಲಿ ಒಂದೇ ಒಂದು ಒಣದ್ರಾಕ್ಷಿಯನ್ನು ನೋಡಿ, ಮೂಸಿ, ನಾಲಿಗೆಯ ಮೇಲಿಟ್ಟುಕೊಂಡು ನಿಧಾನವಾಗಿ ತಿನ್ನುವ ಅಭ್ಯಾಸ ಪ್ರಸಿದ್ಧವಂತೆ. ಕೇಳಿ ನನಗೆ ನಗು ಬಂತು. ತಿಕೋಟಾ ಕಡೆಯ ದ್ರಾಕ್ಷಿ ತೋಟದವರು ನಮ್ಮ ಬಂಧುಗಳು. ಶೆಡ್ಡಿನ ಜಾಳಿಗೆಯ ಮೇಲೆ ನೆರಳಿನಲ್ಲಿ ಒಣಗಿದ ಮಣೂಕವನ್ನು ನಾವು ಮುಷ್ಟಿಗಟ್ಟಲೆ ಬಾಯಿಗೆ ಹಾಕಿಕೊಳ್ಳುವ ಜನ. ಆದರೂ ಮಾಡಿ ನೋಡಿದೆ. ಒಂದು ಮಣೂಕವನ್ನು ಹಾಗೆ ತಿಂದಾಗ, ಸುಮಾರು 4 ಕಿಲೋ ಹಣ್ಣು ಒಣಗಿ ಒಂದು ಕಿಲೋ ಆಗುವಾಗ ಸಿಹಿಯೆಲ್ಲ ಎಲ್ಲಿ ಬಂದು ಕೂಡುತ್ತದೆಂಬುದು ನಾಲಿಗೆಗೇ ತಿಳಿಯಿತು. ಐದಾರು ತಿಂದ ಮೇಲೆ ಮುಷ್ಟಿಯ ಆಸೆ ಉಳಿಯಲಿಲ್ಲ. ಸಕ್ಕರೆ ಕಾಯಿಲೆ ಇದ್ದವರು ಈ ಪ್ರಯೋಗವನ್ನು ಒಂದೆರಡರಲ್ಲೇ ಮುಗಿಸುವುದು ಒಳ್ಳೆಯದು.

ಗಮನ ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ರೊಟ್ಟಿ ಬಡಿಯುವ ಹೆಣ್ಣುಮಕ್ಕಳಿಗೆ. ಹೊಟ್ಟೆ ತುಂಬಿತೆಂಬ ಸುದ್ದಿ ತಲೆಗೆ ಮುಟ್ಟಲು ಸುಮಾರು 20 ನಿಮಿಷ ಬೇಕೆನ್ನುತ್ತಾರೆ. ಉಣ್ಣಲು ಕುಳಿತವರಿಗೆ ಹಂಚಿನಿಂದ ಒಂದೊಂದೇ ಬಿಸಿರೊಟ್ಟಿ ಬರುವುದರಿಂದ ಆ ಬಿಡುವು ತಾನಾಗಿಯೇ ಸಿಗುತ್ತದೆ. ಬಡಿದವಳು ಕೂಡುವುದು ಎಲ್ಲರದೂ ಮುಗಿದ ಮೇಲೆ, ಅಷ್ಟರಲ್ಲಿ ಅವಳ ಹಸಿವು ಸತ್ತಿರುತ್ತದೆ ಅಥವಾ ಮಿತಿ ಮೀರಿರುತ್ತದೆ, ಬುಟ್ಟಿಯಲ್ಲಿನ ರೊಟ್ಟಿ ಎಷ್ಟು ಹೋದವೆಂಬ ಲೆಕ್ಕವೂ ಇರುವುದಿಲ್ಲ. ಅದರ ಮೇಲೆ ಮಕ್ಕಳ ತಾಟಿನಲ್ಲಿ ಉಳಿದ ತುಣುಕು, ಬೋಗುಣಿಯ ತಳದ ಪಲ್ಯ, ಚೆಲ್ಲಲು ಮನಸ್ಸಾಗದ ಅರ್ಧ ವಾಟಿ ಅನ್ನ. ನಾನು 30 ವರ್ಷ ಹಾಗೆ ಉಂಡಿದ್ದೇನೆ, ಅದನ್ನು ಸಂಸಾರಸ್ಥೆಯ ಗುಣವೆಂದೇ ತಿಳಿದಿದ್ದೆ. ಕ್ಯಾಲೆಂಡರಿನಲ್ಲಿ ಅಡ್ಡಗೀಟುಗಳು ಬಿದ್ದದ್ದೆಲ್ಲ ಹೆಚ್ಚಾಗಿ ಆ ಉಳಿದದ್ದನ್ನು ಉಂಡ ದಿನಗಳಲ್ಲೇ. ಈಗ ಉಳಿದ ರೊಟ್ಟಿಯನ್ನು ಒಣಗಿಸಿ ಕಡಕ್ ಮಾಡಿಡುತ್ತೇನೆ ಅಥವಾ ಮರುದಿನ ಮುರಿದು ಒಗ್ಗರಣೆ ಹಾಕುತ್ತೇನೆ. ನನ್ನ ಪಾಲಿನ ಎರಡು ರೊಟ್ಟಿಗಳನ್ನು ಬಡಿಯುವಾಗಲೇ ಬೇರೆ ತೆಗೆದಿಟ್ಟು, ಪಲ್ಯ, ಹಸಿ ಸೌತೆಕಾಯಿ, ಮೊಸರನ್ನೆಲ್ಲ ತಾಟಿಗೆ ಹಚ್ಚಿಕೊಂಡು ಒಮ್ಮೆಗೇ ಕೂಡುತ್ತೇನೆ. ತಾಟು ಖಾಲಿಯಾದ ಮೇಲೆ ಒಂದು ಲೋಟ ಮಜ್ಜಿಗೆ ಕುಡಿಯುವಷ್ಟು ಹೊತ್ತು ತಡೆದರೆ ಮೂರನೆಯ ರೊಟ್ಟಿ ಬೇಕೋ ಬೇಡವೋ ಎಂಬುದು ತಿಳಿಯುತ್ತದೆ.

ಚಹಾದ ವಿಷಯದಲ್ಲಿ ಲೆಕ್ಕ ಬೇರೆಯೇ ಹೊರಟಿತು. ಚಹಾದಲ್ಲಿನ ಕೆಫೀನಿನ ಅರ್ಧ ಭಾಗ ಸುಮಾರು 5 ತಾಸಿನ ಮೇಲೂ ಮೈಯಲ್ಲಿ ಉಳಿದಿರುತ್ತದೆ, ಆದ್ದರಿಂದ ಸಂಜೆ ಕುಡಿದದ್ದು ರಾತ್ರಿಯ ನಿದ್ದೆಗೆ ಅಡ್ಡ ಬರುವುದು ಸಹಜ. ಆದರೆ ಸಂಜೆ 5ಕ್ಕೆ ಚಹಾದ ನೆನಪಾದಾಗ ತಕ್ಷಣ ಒಲೆ ಹಚ್ಚದೆ ಮೈಯನ್ನು ಗಮನಿಸಿದರೆ, ದಣಿದಿದ್ದದ್ದು ಸೊಂಟ. ನನಗೆ ಬೇಕಾಗಿದ್ದದ್ದು ಒಂದು ಗಳಿಗೆ ಕೂಡುವುದು. ಕೂಡಲು ನೆಪವಾಗಿದ್ದದ್ದು ಚಹಾ. ಈಗ ಬರಿಗೈಯಲ್ಲೇ ಕಟ್ಟೆಯ ಮೇಲೆ ಕೂಡುತ್ತೇನೆ. ಬೀಗರು ಬಂದ ದಿನ ಅರ್ಧ ಕಪ್ಪು ಕುಡಿಯುತ್ತೇನೆ, ಬೇಡವೆಂದರೆ ಅವರು ಮುಖ ಸಣ್ಣದು ಮಾಡುತ್ತಾರೆ.

ಮೈ ಎಲ್ಲವನ್ನೂ ಹೇಳುವುದಿಲ್ಲ ಎಂಬುದನ್ನು ಇಲ್ಲಿಯೇ ಸ್ಪಷ್ಟವಾಗಿ ಹೇಳಬೇಕು. ನಮ್ಮ ಯಜಮಾನರು ತಲೆ ತಿರುಗುವುದಿಲ್ಲ, ಆದ್ದರಿಂದ ಬಿಪಿ ಇಲ್ಲ ಎಂದು ವಾದಿಸುತ್ತಿದ್ದವರು. ಅಳೆಯಿಸಿದ ದಿನ 160/100 ಇತ್ತು. ರಕ್ತದೊತ್ತಡ ಮತ್ತು ಸಕ್ಕರೆ ವರ್ಷಗಟ್ಟಲೆ ಸದ್ದಿಲ್ಲದೆ ಏರಿರಬಹುದು, ಎಷ್ಟೇ ಧ್ಯಾನ ಮಾಡಿದರೂ ಅವು ತಿಳಿಯುವುದಿಲ್ಲ, ಅಳೆಯಿಸಿಯೇ ತಿಳಿಯಬೇಕು. ಹಾಗೆಯೇ ಉಪ್ಪು. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಸಣ್ಣ ಚಮಚೆಯೊಳಗೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಆದರೆ ಚಟ್ನಿಪುಡಿ, ಉಪ್ಪಿನಕಾಯಿ, ಸಂಡಿಗೆ, ಹಪ್ಪಳಗಳಲ್ಲಿ ಅಡಗಿದ ಉಪ್ಪು ಅಭ್ಯಾಸವಾದ ನಾಲಿಗೆಗೆ ಹೆಚ್ಚೆನಿಸುವುದೇ ಇಲ್ಲ. ಬರೆದುಕೊಟ್ಟ ಗುಳಿಗೆಯನ್ನು ಹಿತವೆನಿಸಲಿಲ್ಲವೆಂದು ತಾವಾಗಿಯೇ ಬಿಡಬಾರದು, ಕ್ಯಾಲೆಂಡರನ್ನೇ ಡಾಕ್ಟರರ ಬಳಿ ಒಯ್ದು ತೋರಿಸಬಹುದು. ಎದೆ ಹಿಂಡಿ ಬೆವರು ಬಂದಾಗ ಗಮನಿಸುತ್ತ ಕೂಡದೆ ಆಸ್ಪತ್ರೆಗೆ ಹೋಗಬೇಕು.

ನನ್ನ ಸೊಸೆಯ ತವರು ಖಾನಾಪುರ. ಅನ್ನ ಉಂಡು ಬೆಳೆದ ಹುಡುಗಿ. ಜೋಳದ ರೊಟ್ಟಿಯಷ್ಟು ಒಳ್ಳೆಯದು ಲೋಕದಲ್ಲಿ ಬೇರಿಲ್ಲವೆಂದು ನಾನು ಎರಡೂ ಹೊತ್ತು ಅವಳಿಗೆ ಬಡಿಸುತ್ತಿದ್ದೆ, ಅವಳು ಎದುರಾಡದೆ ಉಣ್ಣುತ್ತಿದ್ದಳು. ಒಂದು ದಿನ ಕ್ಯಾಲೆಂಡರಿನ ಮೇಲ್ಮೂಲೆಯಲ್ಲಿ ಹಸಿರು ಮಸಿಯ ಗೀಟುಗಳು ಕಂಡವು, ಎಲ್ಲವೂ ರಾತ್ರಿಯವು. ಕೇಳಿದೆ. "ಅತ್ತಿ, ಮುಂಜಾನಿ ರೊಟ್ಟಿ ಭಾಳ ಚಲೋ ಆಗ್ತದ, ರಾತ್ರಿ ಮಾತ್ರ ಹೊಟ್ಟಿ ಕಲ್ಲಿನಂಗ ಆಗ್ತದ್ರಿ" ಎಂದಳು. ಆವತ್ತಿನಿಂದ ರಾತ್ರಿ ಒಂದು ಬಟ್ಟಲು ಅಕ್ಕಿ ಹೆಚ್ಚು ತೊಳೆಯುತ್ತೇವೆ. ನನ್ನ ಚುಕ್ಕೆ ನೀಲಿ, ಅವಳದು ಹಸಿರು, ನಡುವೆ ಹಾಲಿನ ಲೆಕ್ಕ.