ಮಳೆಗಾಲದಲ್ಲಿ ಈಥರ್ನೆಟ್ ಪೋರ್ಟುಗಳನ್ನು ಮಲಗಿಸಿದ ಬಗೆ

ಕುಂದಾಪುರದ ಹಿನ್ನೀರಿನ ಸಿಗಡಿ ಕೆರೆಗಳಿಗೆ ನಾನು ಮಾಡಿಕೊಟ್ಟಿದ್ದ, ನೀರಿನ ಅಳತೆಗಳನ್ನು ನೆಟ್‌ವರ್ಕಿಗೆ ದಾಟಿಸುವ ಸೋಲಾರ್ ಗೇಟ್‌ವೇ ಪೆಟ್ಟಿಗೆಗಳು ಜೂನ್ ಹಿಡಿದ ಮೇಲೆ ಮೂರು ದಿನ ಬಿಸಿಲು ಕಾಣದಿದ್ದರೆ ಆರಿಹೋಗುತ್ತಿದ್ದವು. ಪ್ಯಾನೆಲ್, ಬ್ಯಾಟರಿ ಎರಡನ್ನೂ ದುಪ್ಪಟ್ಟು ಮಾಡದೆ ಗತಿಯಿಲ್ಲ, ಈಥರ್ನೆಟ್ ಪೋರ್ಟುಗಳನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ತಿದ್ದಿ ಉಳಿಸುವ ಕರೆಂಟು ಯಾವ ಲೆಕ್ಕಕ್ಕೂ ಬಾರದು ಎಂಬುದು ಮಣಿಪಾಲದ ಸ್ನೇಹಿತರ ವಾದವಾಗಿತ್ತು. ಆ ದಾರಿ ಹಿಡಿದರೆ ಪೆಟ್ಟಿಗೆಯೊಂದಕ್ಕೆ ಹನ್ನೆರಡು ಸಾವಿರದಷ್ಟು ಬೀಳುತ್ತಿತ್ತು.

ಬೋರ್ಡು 12 ವೋಲ್ಟಿನಲ್ಲಿ ಸುಮಾರು 310 ಮಿಲಿಆಂಪ್ ಎಳೆಯುತ್ತಿತ್ತು. ಅದರಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚು, ಹತ್ತು ನಿಮಿಷಕ್ಕೊಮ್ಮೆ ಮಾತ್ರ ಕೆಲಸವಿರುವ ಎರಡು ಗಿಗಾಬಿಟ್ ಪೋರ್ಟುಗಳದ್ದು. ಕೆಲಸವಿಲ್ಲದ ಸಾಧನವನ್ನು ಮಲಗಿಸುವ ಲಿನಕ್ಸ್ ಸೌಲಭ್ಯವಾದ ರನ್‌ಟೈಮ್ ಪಿಎಂ ಅಳವಡಿಸಿ, ಎಷ್ಟು ಹೊತ್ತು ಸುಮ್ಮನಿದ್ದರೆ ಮಲಗಬೇಕೆಂಬ ಆಟೋಸಸ್ಪೆಂಡ್ ಅವಧಿಯನ್ನು ಎರಡು ಸೆಕೆಂಡಿಗೆ ಇಟ್ಟರೂ ಮೀಟರಿನ ಅಂಕಿ ಅಲುಗಲಿಲ್ಲ. ಕೇಬಲ್ಲಿನ ಸಿಗ್ನಲ್ ನೋಡಿಕೊಳ್ಳುವ ಫೈ ಚಿಪ್ಪಿಗೆ ಇಂಟರಪ್ಟ್ (ತಾನಾಗಿ ಸುದ್ದಿ ಮುಟ್ಟಿಸುವ ಸಂಕೇತ) ಇಲ್ಲದ್ದರಿಂದ ಅದನ್ನು ಕರ್ನಲ್ (ಲಿನಕ್ಸಿನ ತಿರುಳು) ಸೆಕೆಂಡಿಗೊಮ್ಮೆ ವಿಚಾರಿಸುತ್ತಿತ್ತು, ಆ ಚಿಪ್ಪಿನ ಸಂಪರ್ಕ ತಂತಿಯಾದ ಎಂಡಿಐಒ ಮೇಲಿನ ಪ್ರತಿ ಓದೂ ಮಲಗುವ ಟೈಮರನ್ನು ಮೊದಲಿನಿಂದ ಎಣಿಸುವಂತೆ ಮಾಡುತ್ತಿತ್ತು. ಓದುವಾಗ ಎಬ್ಬಿಸುವುದನ್ನು ತೆಗೆದರೆ, ಕ್ಲಾಕ್ ನಿಂತ ಚಿಪ್ಪಿನಿಂದ ಬರಿಯ 0ಎಕ್ಸ್‌ಎಫ್ಎಫ್ಎಫ್ಎಫ್ ಎಂಬ ಅರ್ಥವಿಲ್ಲದ ಉತ್ತರ ಬರುತ್ತಿತ್ತು. ಬೋರ್ಡಿನವರು ಫೈ ಇಂಟರಪ್ಟ್ ಪಿನ್ನನ್ನು ಎಲ್ಲಿಗೂ ಜೋಡಿಸಿಯೇ ಇರಲಿಲ್ಲವಾದ್ದರಿಂದ ಕೂದಲೆಳೆಯಂಥ ತಾಮ್ರದ ತಂತಿಯೊಂದನ್ನು ಬೆಸೆದು, ಉಪ್ಪುಗಾಳಿಗೆ ಹಸಿರುಗಟ್ಟದಂತೆ ವಾರ್ನಿಷ್ ಬಳಿದೆ. ಮೀಟರು ಇಳಿದದ್ದು ಆಗಲೇ.

ಬಳಿಕ ಪೋರ್ಟಿನ ಸ್ಥಿತಿ ನೋಡುವ ಇತ್‌ಟೂಲ್ ಆದೇಶ ನಡೆಸಿದರೆ ಪೆಟ್ಟಿಗೆ ಸ್ತಬ್ಧವಾಗತೊಡಗಿತು. ಆ ದಾರಿ ಆರ್‌ಟಿಎನ್ಎಲ್ ಲಾಕ್ (ಒಮ್ಮೆಗೆ ಒಬ್ಬರಿಗೆ ಮಾತ್ರ ಸಿಗುವ ಕರ್ನಲ್ಲಿನ ನೆಟ್‌ವರ್ಕ್ ಬೀಗ) ಹಿಡಿದೇ ಡ್ರೈವರಿಗೆ ಬರುತ್ತದೆ; ಎಚ್ಚರಗೊಳ್ಳುವ ನನ್ನ ಕೋಡೂ ಅದೇ ಲಾಕಿಗಾಗಿ ಕಾಯುತ್ತಿತ್ತು. ಲಾಕನ್ನು ಇಡೀ ಪೆಟ್ಟಿಗೆ ಎಚ್ಚರಗೊಳ್ಳುವ ಸಿಸ್ಟಂ ರೆಸ್ಯೂಮಿಗೆ ಮಾತ್ರ ಉಳಿಸಿಕೊಂಡೆ. ಪೋರ್ಟನ್ನು ಎಬ್ಬಿಸುವ ಹಳೆಯ ಗೆಟ್-ಸಿಂಕ್ ಕರೆ ವಿಫಲವಾದಾಗಲೂ ಪೋರ್ಟು ಬಳಕೆಯಲ್ಲಿದೆ ಎನ್ನುವ ಎಣಿಕೆಯನ್ನು ಏರಿಸಿಬಿಡುವುದರಿಂದ ಪೋರ್ಟು ಮತ್ತೆಂದೂ ಮಲಗದ ಇನ್ನೊಂದು ಕಾಟವಿತ್ತು. ರೆಸ್ಯೂಮ್-ಆ್ಯಂಡ್-ಗೆಟ್‌ಗೆ ಬದಲಾಯಿಸಿದ ಮೇಲೆ ಅದು ತೊಲಗಿತು. ಪೋರ್ಟು ಮಲಗಿರುವಾಗ ಹೊರಡುವ ಪ್ಯಾಕೆಟ್ಟು ಬಿದ್ದುಹೋಗದಂತೆ ಕ್ಯೂವನ್ನು ತಡೆದು ಬಿಡುವ ಕ್ರಮವೊಂದಿದೆ. ಅದು ನನ್ನ ಹೊಟ್ಟೆಪಾಡಿನ ಸಂಗತಿ, ಇಲ್ಲಿ ಬರೆಯಲಾರೆ.

ನಡುವೆ 802.3ಎಝಡ್ ಎಂಬ ಈಥರ್ನೆಟ್ ಮಾನದಂಡದ ವಿದ್ಯುತ್ ಉಳಿತಾಯವನ್ನೂ ಪರೀಕ್ಷಿಸಿದೆ. ಅದಕ್ಕೆ ಕೇಬಲ್ಲಿನ ಎರಡೂ ತುದಿಗಳು ಒಪ್ಪಬೇಕು. ಕೆರೆಯ ಶೆಡ್ಡಿನ ಹಳೆಯ ರೂಟರ್ ಒಪ್ಪಲಿಲ್ಲ. ಅದರ ಬದಲು ಮಲಗುವ ಮುನ್ನ ಲಿಂಕನ್ನು 10 ಮೆಗಾಬಿಟ್‌ಗೆ ಇಳಿಸಿ, ಮಲಗಿದ್ದನ್ನು ಎಬ್ಬಿಸುವ 102 ಬೈಟಿನ ಮ್ಯಾಜಿಕ್ ಪ್ಯಾಕೆಟ್ಟಿಗೆ ಮಾತ್ರ ಕಿವಿ ತೆರೆದಿಟ್ಟದ್ದು ಎಣಿಸಿದ್ದಕ್ಕಿಂತ ಹೆಚ್ಚು ಉಳಿಸಿತು. ಮರಳಿ ಗಿಗಾಬಿಟ್‌ಗೆ ಏರಲು ಮೂರ್ನಾಲ್ಕು ಸೆಕೆಂಡು ಹಿಡಿಯುತ್ತದೆಯಾದರೂ ನೀರಿನ ಆಮ್ಲಜನಕದ ಅಳತೆಗೆ ಅದು ತಡವೇನಲ್ಲ.

ಈಗ ಸರಾಸರಿ 190 ಮಿಲಿಆಂಪ್ ಆಸುಪಾಸಿನಲ್ಲಿದೆ. ಅದೇ 42 ಆಂಪ್-ಅವರ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸದೆ ನಾಲ್ಕೂವರೆ ದಿನ ತಳ್ಳಬಹುದು. ಎಂಟೂ ಪೆಟ್ಟಿಗೆಗಳಿಗೆ ಇದನ್ನೇ ಹಾಕಿ ತಲಾ ಎರಡು ಸಾವಿರ ಮಜೂರಿ ಪಡೆದಿದ್ದೇನೆ, ಹೊಸ ಪ್ಯಾನೆಲ್ಲಿನ ಮಾತನ್ನು ಯಾರೂ ಎತ್ತಿಲ್ಲ.