ಪುಣೆಗೆ ಓದಾಕ ಬಂದೋರಿಗೆ: ಟರ್ಬೋ ಸಿ ಬಿಡ್ರಿ, ಜಿಸಿಸಿ ಹಾಕ್ಕೋರಿ

ವಿಜಯಪುರ, ಕಲಬುರಗಿ ಕಡಿಂದ ಪುಣೆಗೆ ಇಂಜಿನಿಯರಿಂಗ್ ಓದಾಕ ಬಂದ ಹುಡುಗರು ಕೇಳೋದು ಒಂದೇ, ಎಲ್ಲಾರೂ ಪೈಥಾನ್ ಅಂತಾರ, ಈ ಹಳೇ ಸಿ ಭಾಷೆ ಯಾಕ ಬೇಕ್ರಿ ಅಂತ. ಅಲ್ರೋ, ನೀವು ಓಡಸೋ ಆ ಪೈಥಾನೇ ಸಿ ಒಳಗ ಬರದಿದ್ದು. ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು), ಕೋಡ್ ಕಾಯ್ದಿಡೋ ಗಿಟ್, ಫೋನಿನ್ಯಾಗಿರೋ ಎಸ್‌ಕ್ಯೂಲೈಟ್ ಡೇಟಾಬೇಸ್ ಎಲ್ಲಾ ಸಿ ಒಳಗೇ ಬರದಿದ್ದು. 1972ರ ಸುಮಾರಿಗೆ ಬೆಲ್ ಲ್ಯಾಬ್ಸ್‌ನ್ಯಾಗ ಡೆನಿಸ್ ರಿಚ್ಚಿ ಈ ಸಿ ಮಾಡಿದ್ದು, 1973ಕ್ಕ ಯುನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ಮಿನ ಕರ್ನಲ್ ಇದರಾಗ ಹೊಸದಾಗಿ ಬರದ್ರು. ಅದಲ್ದ ಪುಣೆಯಾಗ ಚಾಕಣ, ಪಿಂಪ್ರಿ-ಚಿಂಚವಡ ಅಂದ್ರ ಗಾಡಿ ಫ್ಯಾಕ್ಟರಿಗಳೇ, ಗಾಡಿಯೊಳಗಿನ ಕಂಟ್ರೋಲರ್ ಅನ್ನೋ ಸಣ್ಣ ಕಂಪ್ಯೂಟರ್‌ಗೆ ಹೆಚ್ಚಾಗಿ ಸಿ ಒಳಗೇ ಬರಿತಾರ, ಅದಕ್ಕಂತಾನೇ ಮಿಸ್ರಾ ಸಿ ಅಂತ ರೂಲ್ಸು 1998ರಿಂದ ಅದಾವ. ಇಂಥಾ ಎಂಬೆಡೆಡ್ ಕೆಲಸ ಬೇಕಂದ್ರ ಸಿ ತಪ್ಪಿಸ್ಕೊಳ್ಳಾಕ ಆಗೂದಿಲ್ಲ.

ಈಗ ಕಂಪೈಲರ್, ಅಂದ್ರ ನೀವು ಬರದ ಸಿ ಪ್ರೋಗ್ರಾಮನ್ನ ಕಂಪ್ಯೂಟರ್ ಓಡಿಸೋ ರೂಪಕ್ಕ ಬದಲಸೋ ಸಾಫ್ಟ್‌ವೇರ್; ಟರ್ಬೋ ಸಿ, ಜಿಸಿಸಿ (GCC) ಎರಡೂ ಅವೇ. ಕೆಲವು ಲ್ಯಾಬ್‌ನ್ಯಾಗ ಇನ್ನೂ ನೀಲಿ ಸ್ಕ್ರೀನಿನ ಟರ್ಬೋ ಸಿ ಓಡಸ್ತಾರ, ಡಾಸ್ ಕಾಲದ್ದು, ಅದರಾಗ ಇಂಟ್, ಅಂದ್ರ ಪೂರ್ಣ ಸಂಖ್ಯೆ ಇಡೋ ಜಾಗ, ಬರೇ 2 ಬೈಟ್, 32767 ದಾಟಿದ್ರ ಲೆಕ್ಕ ಮೈನಸ್‌ಗೆ ಜಾರ್ತದ. ನಿಮ್ಮ ಲ್ಯಾಪ್‌ಟಾಪ್ ಮ್ಯಾಲ ಜಿಸಿಸಿ ಹಾಕಿದ್ರ 4 ಬೈಟ್. ಇಂಟ್ ಎಷ್ಟು ಬೈಟ್ ಅಂತ ವೈವಾದಾಗ ಕೇಳಿದ್ರ ಸರ್‌ಗೆ ಬೇಕಾದ ಉತ್ತರ ಕೊಡ್ರಿ, ರೂಮಿನ್ಯಾಗ ಜಿಸಿಸಿ ಇಟ್ಕೊಳ್ರಿ.

ವಿಂಡೋಸ್ ಇದ್ರ ಎಮ್‌ಸಿಸ್2 (MSYS2) ಇನ್‌ಸ್ಟಾಲ್ ಮಾಡ್ರಿ, ಜಿಸಿಸಿ ಅದರ ಮೂಲಕನೇ ಬರ್ತದ. ಸ್ಟಾರ್ಟ್ ಮೆನುದಾಗ ಅದರ ಹೆಸರಿನ ಒಂದಿಷ್ಟು ಐಕಾನ್ ಬರ್ತಾವ, ಯುಸಿಆರ್‌ಟಿ64 (UCRT64) ಅನ್ನೋದನ್ನೇ ತೆರೀರಿ, ಜಿಸಿಸಿ ಹಾಕೋ ಪ್ಯಾಕ್‌ಮ್ಯಾನ್ ಕಮಾಂಡ್ ಅವರ ಸೈಟ್‌ನ್ಯಾಗೇ ಅದ, ಕಾಪಿ ಮಾಡಿ ತೆರೆದ ಆ ವಿಂಡೋದಾಗ ಹಾಕ್ರಿ, ಆದ್ರ ಕಂಟ್ರೋಲ್ ವಿ ಇಲ್ಲಿ ನಡಿಯೂದಿಲ್ಲ, ಶಿಫ್ಟ್ ಇನ್ಸರ್ಟ್ ಒತ್ತಬೇಕು. ಇದಾದ ಮ್ಯಾಲೂ ಕಮಾಂಡ್ ಪ್ರಾಂಪ್ಟ್‌ನ್ಯಾಗ ಜಿಸಿಸಿ ಅಂದ್ರ ಗೊತ್ತಿಲ್ಲ ಅಂತದ, ಅರ್ಧ ಮಂದಿ ಇಲ್ಲೇ ಕೈ ಚೆಲ್ಲಿ ಕೂಡ್ತಾರ. ವಿಂಡೋಸ್ ಸೆಟ್ಟಿಂಗಿನ ಎನ್ವಿರಾನ್‌ಮೆಂಟ್ ವೇರಿಯೇಬಲ್ಸ್ ತೆರದು ಪಾತ್ (ವಿಂಡೋಸ್ ಪ್ರೋಗ್ರಾಮ್ ಹುಡುಕೋ ಫೋಲ್ಡರ್ ಪಟ್ಟಿ) ಒಳಗ ಸಿ ಡ್ರೈವಿನ ಎಮ್‌ಸಿಸ್64 (msys64), ಅದರಾಗ ಯುಸಿಆರ್‌ಟಿ64, ಅದರಾಗ ಬಿನ್, ಈ ಫೋಲ್ಡರಿನ ಪೂರ್ತಿ ವಿಳಾಸ ಸೇರಸ್ರಿ. ತೆರೆದಿಟ್ಟ ಕಮಾಂಡ್ ಪ್ರಾಂಪ್ಟಿನ ಕಪ್ಪು ವಿಂಡೋ ಮುಚ್ಚಿ ಹೊಸಾದು ತೆರೀಬೇಕು, ಹಳೇದಕ್ಕ ಹೊಸ ಪಾತ್ ಗೊತ್ತಾಗೂದಿಲ್ಲ. ಜಿಸಿಸಿ, ಸ್ಪೇಸ್, ಎರಡು ಮೈನಸ್, ವರ್ಷನ್ ಅಂತ ಹೊಡದ್ರ ನಂಬರ್ ಬಂತಂದ್ರ ಕೆಲಸ ಆತು.

ಉಬುಂಟು ಇದ್ದೋರು ಪುಣ್ಯವಂತರು, ಏಪ್ಟ್‌ನಿಂದ ಬಿಲ್ಡ್-ಎಸೆನ್ಶಿಯಲ್ ಹಾಕಿದ್ರ ಮುಗೀತು. ಮ್ಯಾಕ್‌ನ್ಯಾಗ ಎಕ್ಸ್‌ಕೋಡ್ ಕಮಾಂಡ್ ಲೈನ್ ಟೂಲ್ಸ್, ಅದರಾಗ ಬರೋದು ಕ್ಲ್ಯಾಂಗ್ ಅನ್ನೋ ಇನ್ನೊಂದು ಕಂಪೈಲರ್, ನಡೀತದ. ಲ್ಯಾಪ್‌ಟಾಪೇ ಇಲ್ಲಂದ್ರ ಆಂಡ್ರಾಯ್ಡ್ ಫೋನಿನ್ಯಾಗ ಟರ್ಮಕ್ಸ್ ಆ್ಯಪ್ ಹಾಕಿ ಕ್ಲ್ಯಾಂಗ್ ಇಳಸ್ಕೊಳ್ರಿ.

ನೋಟ್‌ಪ್ಯಾಡ್‌ನ್ಯಾಗ ಬರಿಯೋರು ಫೈಲ್ ಹೆಸರು ನೋಡ್ಕೊಳ್ರಿ, ಡಾಟ್ ಸಿ ಅಂತ ಕೊಟ್ರೂ ಹಿಂದ ಡಾಟ್ ಟಿಎಕ್ಸ್‌ಟಿ ಅಂಟ್ಕೊಂಡಿರ್ತದ, ವಿಂಡೋಸ್ ಅದನ್ನ ತೋರಸೂದಿಲ್ಲ. ಕಂಪೈಲ್ ಮಾಡೋವಾಗ ಮೈನಸ್ ವಾಲ್ (-Wall) ಅನ್ನೋದನ್ನ, ಡಬ್ಲ್ಯೂ ಮಾತ್ರ ದೊಡ್ಡದು, ಯಾವಾಗ್ಲೂ ಸೇರಸ್ರಿ, ಬೆಲೆ ಕೊಡದ ವೇರಿಯೇಬಲ್ ಬಳಸಿದ್ರ ಎಷ್ಟೋ ಸಲ ಅದೇ ಹೇಳ್ತದ. ಲ್ಯಾಬಿನ ಹಳೇ ಪ್ರೋಗ್ರಾಮ್ ತಂದು ಓಡಿಸಿದ್ರ ಕ್ಲಿಯರ್‌ಸ್ಕ್ರೀನ್ (clrscr) ಫಂಕ್ಷನ್ ಮ್ಯಾಲ ಎರರ್ ಬರ್ತದ, ಅದು ಟರ್ಬೋ ಸಿ ಕಡೇದು, ಆ ಸಾಲು ಅಳಿಸಿಬಿಡ್ರಿ, ವಾಯ್ಡ್ ಮೇನ್ ಇದ್ದಲ್ಲಿ ಇಂಟ್ ಮೇನ್ ಮಾಡ್ರಿ.