ಲಿನಕ್ಸ್‌ನಲ್ಲಿ ಎನ್‌ಟಿಎಫ್‌ಎಸ್ ವಿಭಾಗಕ್ಕೆ ಬರೆಯಲಾಗದಿದ್ದಾಗ

ವಿಂಡೋಸ್, ಲಿನಕ್ಸ್ ಎರಡಕ್ಕೂ ಸಾಮಾನ್ಯವಾಗಿ ಇಟ್ಟಿದ್ದ ಎನ್‌ಟಿಎಫ್‌ಎಸ್ ಎಂಬ ವಿಂಡೋಸ್ ಕಡತ ವ್ಯವಸ್ಥೆಯ ಡಿಸ್ಕ್ ವಿಭಾಗವನ್ನು (ಪಾರ್ಟಿಷನ್) ಲಿನಕ್ಸ್‌ನಲ್ಲಿ ಓದಲು ಮಾತ್ರ ಆಗುತ್ತಿತ್ತು. ಕಡತಗಳ ಅನುಮತಿ ಬದಲಿಸಿದರೂ ಫಲವಿಲ್ಲ. ಬೇರೆ ಕಡತ ವ್ಯವಸ್ಥೆಗೆ ಬದಲಿಸೋಣವೆಂದರೆ, ಫ್ಯಾಟ್32 4 ಜಿಬಿ ಮುಟ್ಟುವ ಕಡತವನ್ನು ಹಿಡಿಸಿಕೊಳ್ಳದು. ಎಕ್ಸ್‌ಫ್ಯಾಟ್‌ನಲ್ಲಿ ಜರ್ನಲ್ (ಬದಲಾವಣೆಗಳನ್ನು ಮೊದಲೇ ದಾಖಲಿಸಿಟ್ಟು ವಿಭಾಗ ಕೆಡದಂತೆ ಕಾಯುವ ಏರ್ಪಾಡು) ಇಲ್ಲ; ಪೆನ್‌ಡ್ರೈವ್‌ಗೆ ಸಾಕು, ದಿನನಿತ್ಯದ ಕೆಲಸಕ್ಕೆ ನಾನು ನಂಬುವುದಿಲ್ಲ.

ಅಡ್ಡಿಯಾಗಿದ್ದದ್ದು ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್. ಅದು ಚಾಲೂ ಇದ್ದರೆ ಶಟ್‌ಡೌನ್ ಎಂಬುದು ಅರೆನಿದ್ರೆ ಮಾತ್ರ. ವಿಭಾಗ ಇನ್ನೂ ಬಳಕೆಯಲ್ಲಿದೆ ಎಂದು ಕಂಡು ಲಿನಕ್ಸ್ ಬರೆಯಲು ಒಪ್ಪುವುದಿಲ್ಲ. ಒಪ್ಪದಿರುವುದೇ ಕ್ಷೇಮ, ಬಲವಂತ ಮಾಡಬೇಡಿ.

ಮೊದಲು ವಿಂಡೋಸ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಪವರ್‌ಸಿಎಫ್‌ಜಿ /ಎಚ್ ಆಫ್’ ಕೊಡಿ. ಇದರಿಂದ ಹೈಬರ್ನೇಟ್ ಸೌಲಭ್ಯವೂ ಹೋಗುತ್ತದೆ. ಪೂರ್ತಿ ಶಟ್‌ಡೌನ್ ಮಾಡಿದ ಮೇಲಷ್ಟೇ ಲಿನಕ್ಸ್‌ಗೆ ಬನ್ನಿ. ಯಾವ ವಿಭಾಗವನ್ನು ಹೇಗೆ ಜೋಡಿಸಬೇಕೆಂದು ಲಿನಕ್ಸ್‌ಗೆ ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ವಿಭಾಗದ ಯುಯುಐಡಿ (ಗುರುತಿನ ಸಂಖ್ಯೆ) ಬರೆದು, ಬಗೆ ‘ಎನ್‌ಟಿಎಫ್‌ಎಸ್-3ಜಿ’, ಆಯ್ಕೆಗಳು ‘ಯುಐಡಿ=1000,ಜಿಐಡಿ=1000,ವಿಂಡೋಸ್_ನೇಮ್ಸ್,ನೋಫೇಲ್’ ಎಂದು ಸೇರಿಸಿ. ನಿಮ್ಮ ಬಳಕೆದಾರ ಸಂಖ್ಯೆ (ಯುಐಡಿ) 1000 ಹೌದೇ ಎಂದು ‘ಐಡಿ’ ಆದೇಶದಿಂದ ನೋಡಿಕೊಳ್ಳಿ. ಮೂರನೆಯ ಆಯ್ಕೆಯನ್ನು ಬಿಟ್ಟರೆ ಹೆಸರಿನಲ್ಲಿ ಕೋಲನ್ ಇರುವ ಕಡತಗಳು ಹುಟ್ಟಿ, ವಿಂಡೋಸ್‌ನಲ್ಲಿ ತೆರೆಯದೆ ಕಾಡುತ್ತವೆ.